ಅಂಟಿಲ್ಲದ ನೂಲು

ಜಂಗಮಕೋಟೆಯ ಹುಡುಗಿ ಸಿಂಚನ
ಉಪ್ಪಿನಕಾಯಿ ಬಾಟ್ಲಿಯೊಳಗೆ ಜೇಡ ತಂದಳು.
ಹಿಪ್ಪುನೇರಳೆ ಸಾಲಿನಲ್ಲಿ ಸಿಕ್ಕಿತಂತೆ,
ಹೊಟ್ಟೆಯ ಮೇಲೆ ಹಳದಿ ಪಟ್ಟೆ,
ಹೆಸರು ಸಹಿ ಜೇಡ.
'ಖೈರುನ್ನೀಸಾ ಆಂಟಿ, ನನ್ನ ಕೈ ನಡುಗತ್ತೆ,
ಎಳೆ ನೀವೇ ತೆಗೀಬೇಕು.'

ಮೂವತ್ತೊಂದು ವರ್ಷ ಶಿಡ್ಲಘಟ್ಟದಲ್ಲಿ
ಕುದಿನೀರಿಗೆ ಬೆರಳಿಟ್ಟವಳು ನಾನು.
ಬೆಂದ ಗೂಡಿನಲ್ಲಿ ಎಳೆಯ ತುದಿ ಎಲ್ಲಿದೆ
ಕಣ್ಣು ಮುಚ್ಚಿ ಹಿಡಿದೇನು.
ಬದುಕಿರುವುದರಿಂದ ನೂಲು ಬಿಚ್ಚಿದ್ದು
ಇದೇ ಮೊದಲು.

ಥರ್ಮಕೋಲಿನ ಮೇಲೆ ಅಂಗಾತ ಮಲಗಿಸಿ
ಸೊಳ್ಳೆಪರದೆಯ ತುಂಡು ಹೊದಿಸಿ
ಸುತ್ತ ಗುಂಡುಪಿನ್ನು, ಒಂದೂ ಅದಕ್ಕೆ ಚುಚ್ಚದ ಹಾಗೆ.
ಬಾಲದ ಕಡೆಯ ಸಣ್ಣ ಮೊಗ್ಗುಗಳನ್ನು
ಕುಂಚದ ತುದಿಯಲ್ಲಿ ಸವರಿದೆ.
ಬಂತು.
ಕಣ್ಣಿಗೆ ಕಾಣಲಿಲ್ಲ. ಬೆರಳಿಗೆ ಗೊತ್ತಾಯಿತು.

ಹಳೇ ಬಾಬಿನ್ನಿಗೆ ಸುತ್ತುತ್ತ ಕೂತೆ,
ಸಿಂಚನ ಪಕ್ಕದಲ್ಲಿ ಪಾಠ ಒಪ್ಪಿಸುತ್ತಿದ್ದಳು:
ನಿಮ್ಮ ಹುಳದ ನೂಲಿಗೆ ಮೇಲೆ ಗೋಂದಿನ ಕೋಟು,
ತೂಕದಲ್ಲಿ ಕಾಲು ಭಾಗ ಗೋಂದೇ,
ಸೋಪುನೀರಲ್ಲಿ ಕುದಿಸಿ ಕಳೆದ ಮೇಲೇ ಹೊಳಪು.
ಇದಕ್ಕೆ ಆ ಕೋಟಿಲ್ಲ, ಬರೀ ಕೊಬ್ಬಿನ ಪಸೆ,
ಈರುಳ್ಳಿ ಪೊರೆ ಅದರ ಮುಂದೆ ಕಂಬಳಿ.
ಪಸೆಯ ಕೆಳಗೆ ಸಕ್ಕರೆ ಬೆರೆತ ಪ್ರೋಟೀನಿನ ತೊಗಲು,
ತೊಗಲೊಳಗೆ ನಾರು, ನಾರೊಳಗೆ ಇನ್ನೂ ಕಿರುನಾರು.
ಗ್ಲೈಸಿನ್, ಅಲನಿನ್ ಎರಡು ನೂಲಲ್ಲೂ ಅವರೇ.
ಪ್ರೋಲಿನ್ ಮಾತ್ರ ಹೆಚ್ಚುಕಮ್ಮಿ ಜೇಡದ ಪಾಲು,
ಎಳೆದರೆ ಹಿಗ್ಗೋದು, ಬಿಟ್ಟರೆ ಬರೋದು ಅದರಿಂದ.

ಒಂದೇ ಬಚ್ಚಲಿನ ವಠಾರದಲ್ಲಿ
ಯಾರು ಯಾವ ಮನೆ ಅಂತ ಹೇಳಿದ ಹಾಗಿತ್ತು.
ಹ್ಞೂಂ ಎನ್ನುತ್ತ ಸುತ್ತಿದೆ.

ಅಂಟು ಇರೋದು ಬಲೆಯ ಸುರುಳಿಯಲ್ಲಂತೆ,
ಹನಿಹನಿಯಾಗಿ, ಪೋಣಿಸಿಟ್ಟ ಹಾಗೆ,
ಆ ಹನಿಯಲ್ಲಿ ಪೆಟ್ಲುಪ್ಪು.
ಕೈ ನಿಲ್ಲಿಸಿದೆ. ಪೆಟ್ಲುಪ್ಪಾ? ಪಟಾಕಿದಾ?
'ಬೂಷ್ಟು ಹಿಡಿಯದಿರಲಿ ಅಂತ, ಆಂಟಿ.'
ಬಕ್ರೀದಿನ ಮಾಂಸ ಒಣಗಿಸುವಾಗ
ನಮ್ಮತ್ತೆ ಹಾಕುತ್ತಿದ್ದಳು ಒಂದು ಚಿಟಿಕೆ,
ನನಗೆ ಅಳತೆ ಹೇಳಿಕೊಡದೆ ಹೋದಳು.
ಇದಕ್ಕೆ ಯಾವ ಅತ್ತೆ ಹೇಳಿದಳೋ.

ಬಾಬಿನ್ನಿಗೆ ಎಂಬತ್ತು ಮೀಟರು ಬಿದ್ದಿತ್ತು.
ಹಳೇ ಕೈ, ತನ್ನ ಹಳೇ ದಾರಿ ಹಿಡಿದು
ತುದಿಯನ್ನು ಬೋಗುಣಿಯ ನೀರಿಗೆ ಅದ್ದಿಬಿಟ್ಟಿತು.
ಎಳೆ ಮುದುಡಿತು.
ಮೊಳವಿದ್ದದ್ದು ಗೇಣಾಯಿತು.
ನನ್ನ ರೇಷ್ಮೆ ಯಾವತ್ತೂ ನೀರಿಗೆ ಹೀಗೆ ಹೆದರಿದ್ದಿಲ್ಲ,
ಅಥವಾ ಹೆದರಿದ್ದು ನಾನು ನೋಡಿಲ್ಲ.
ಅಯ್ಯೋ ಎಂದಳು ಸಿಂಚನ, ಆಮೇಲೆ ನಕ್ಕಳು,
ಆಮೇಲೆ ಬರೆದುಕೊಂಡಳು.

ವಾರ ಬಿಟ್ಟು ಫೋಟೋ ತಂದಳು,
ದೊಡ್ಡ ಯಂತ್ರದಲ್ಲಿ ತೆಗೆಸಿದ್ದು.
ಗಾಜಿನಷ್ಟು ನುಣುಪು ಅಂದುಕೊಂಡಿದ್ದೆ.
ಉದ್ದುದ್ದ ಗೆರೆ, ಸಣ್ಣ ಸುಕ್ಕು,
ಒಂದು ಕಡೆ ಗೀರು.
'ಈ ಗೀರು ನಿಮ್ಮ ಉಗುರಿರಬೇಕು ಆಂಟಿ.'

ನನ್ನ ಬೆರಳಲ್ಲಿ ಗೆರೆಯಿಲ್ಲ,
ಬೋಗುಣಿ ತಿಂದಿದೆ.
ನ್ಯಾಯಬೆಲೆ ಅಂಗಡಿಯ ಮೆಷಿನ್ನು
ಹತ್ತೂ ಬೆರಳು ಒತ್ತಿಸಿಕೊಂಡು
ಯಾರಮ್ಮ ನೀನು ಅನ್ನುತ್ತೆ,
ಅಕ್ಕಿ ತರಲು ಮೊಮ್ಮಗ ಜೊತೆಗೆ ಬರಬೇಕು.
ಫೋಟೋದ ಆ ಗೀರನ್ನು
ಚಾ ಆರುವವರೆಗೂ ನೋಡಿದೆ.

ಜೇಡವನ್ನು ಅವತ್ತೇ ಕಿಟಕಿಗೆ ಬಿಟ್ಟಿದ್ದೆ,
ಬೆಂದ ಹುಳದ ವಾಸನೆಗೆ ನೊಣ ಬರುತ್ತವೆ, ಬದುಕಿಕೊಳ್ಳಲಿ ಅಂತ.
ರಾತ್ರಿ ತನ್ನ ಬಲೆ ತಾನೇ ತಿನ್ನುತ್ತೆ,
ಬೆಳಗ್ಗೆ ಅದೇ ಸರಕಿನಲ್ಲಿ ಹೊಸದು,
ನಡುವೆ ಬಿಳಿ ಅಂಕುಡೊಂಕು ಗೀಟು.

ಇವತ್ತು ಗೂಡಿನ ರೇಟು ಏರಿದೆ,
ಒಲೆ ಹಚ್ಚಿಲ್ಲ, ಕೂತಿದ್ದೇನೆ.
ಎಲ್ಲಿ ಸಹಿ ಹಾಕಬೇಕು ಅಂತ
ಅದು ಯಾರನ್ನೂ ಕೇಳುತ್ತಿಲ್ಲ.